ಮನೆ ಕೊಳ್ಳುವಾಗ ಎಷ್ಟು ಬೆಲೆ ಹೇಳಬೇಕು?

(ಸಂಘದ ಉಚಿತ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಮೊದಲು ಹರಿಯುವ ಪುಟ ಯಾವುದೆಂದು ಗ್ರಂಥಪಾಲಕರನ್ನು ಕೇಳಿದರೆ ಅವರು ನಗುತ್ತ ಹೇಳುತ್ತಾರೆ: ಮನೆ ಮಾರಾಟದ ಜಾಹೀರಾತಿನ ಪುಟ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಊರು ಬಿಟ್ಟು ಈ ಮುಂಬಯಿಗೆ ಬಂದು ಹದಿನೈದು ಇಪ್ಪತ್ತು ವರ್ಷ ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ಕಚೇರಿಯಲ್ಲಿಯೋ ದುಡಿದವನಿಗೆ, ಬಾಗಿಲ ಮೇಲೆ ತನ್ನ ಹೆಸರಿನ ಫಲಕ ಇರಬೇಕೆಂಬ ಆಸೆ ಬರುವುದು ಸಹಜ. ಆದರೆ ಜಾಹೀರಾತಿನಲ್ಲಿ ಇರುವುದು ಮಾರುವವನು ಕೇಳುವ ಬೆಲೆ. ನಾವು ಎಷ್ಟು ಹೇಳಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಆ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ.

ನಮ್ಮ ಹೆಂಗಸರು ಒಂದು ಕಟ್ಟು ಮೆಂತ್ಯದ ಸೊಪ್ಪಿಗೆ ಎರಡು ರೂಪಾಯಿ ಚೌಕಾಶಿ ಮಾಡುತ್ತಾರೆ. ಅದೇ ಮನೆಯ ಯಜಮಾನನು ಮೂವತ್ತು ಲಕ್ಷದ ಮನೆಯ ಮುಂದೆ ನಿಂತಾಗ ಎರಡು ಲಕ್ಷವನ್ನು ಒಂದೇ ಉಸಿರಿನಲ್ಲಿ ಬಿಟ್ಟುಕೊಡುತ್ತಾನೆ. ಇದಕ್ಕೆ ಕಾರಣ ಔದಾರ್ಯವಲ್ಲ. ಸೊಪ್ಪಿನ ಬೆಲೆ ಆಕೆಗೆ ದಿನವೂ ಗೊತ್ತು. ಮನೆಯ ಬೆಲೆ ಈತನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಮಾರುವವನ ಮಾತನ್ನು ನಂಬುತ್ತಾನೆ, ಇಲ್ಲವೆ ದಲ್ಲಾಳಿಯ ಮಾತನ್ನು ನಂಬುತ್ತಾನೆ. ಆದುದರಿಂದ ಬೆಲೆ ಹೇಳುವುದಕ್ಕೆ ಮುಂಚೆ ಎರಡು ಲೆಕ್ಕ ಮಾಡಬೇಕು. ಒಂದು, ನನ್ನಿಂದ ಎಷ್ಟು ಆಗುತ್ತದೆ? ಎರಡು, ಈ ಮನೆ ಎಷ್ಟು ಬಾಳುತ್ತದೆ? ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮೇಲಿನ ಗೆರೆ. ಆ ಗೆರೆಯ ಕೆಳಗೆ ಮಾತು ಆರಂಭಿಸಬೇಕು, ಗೆರೆ ಮುಟ್ಟಿದಾಗ ನಿಲ್ಲಿಸಬೇಕು.

ಮೊದಲನೆಯ ಲೆಕ್ಕವನ್ನು ನೋಡೋಣ. ಡೊಂಬಿವಲಿಯಲ್ಲಿ ಮನೆ ಹುಡುಕುತ್ತಿರುವ ಒಬ್ಬ ಗುಮಾಸ್ತರನ್ನು ಉದಾಹರಣೆಗಾಗಿ ಊಹಿಸಿಕೊಳ್ಳಿ. ಗಂಡಹೆಂಡಿರ ದುಡಿಮೆ ಸೇರಿ ತಿಂಗಳಿಗೆ 55,000 ರೂಪಾಯಿ ಕೈಗೆ ಬರುತ್ತದೆ. ಊರಿನಲ್ಲಿರುವ ತಾಯಿತಂದೆಗೆ 8,000 ಕಳುಹಿಸಬೇಕು. ಮಕ್ಕಳ ಫೀಜು, ರೇಶನ್ನು, ರೈಲಿನ ಪಾಸು ಎಲ್ಲವನ್ನೂ ಕಳೆದರೆ ತಿಂಗಳಿಗೆ 25,000ಕ್ಕಿಂತ ಹೆಚ್ಚು ಕಂತು ಕಟ್ಟುವುದು ಸಾಧ್ಯವಿಲ್ಲ. ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಲಕ್ಷಕ್ಕೆ ಸುಮಾರು 900 ರೂಪಾಯಿ ಕಂತು ಬೀಳುತ್ತದೆ. ಆ ಲೆಕ್ಕದಲ್ಲಿ 27 ಲಕ್ಷ ಸಾಲಕ್ಕೆ 24,300. ಇಷ್ಟು ಇವರಿಂದ ಆದೀತು. ಬ್ಯಾಂಕಿನವರು ಇಂದು ಇದಕ್ಕಿಂತ ಕಡಿಮೆ ಬಡ್ಡಿ ಹೇಳಿದರೂ ನೀವು ಮಾತ್ರ ಬಿಗಿಯಾಗಿಯೇ ಲೆಕ್ಕ ಹಾಕಿರಿ. ಬಡ್ಡಿ ಏರಿಳಿಯುವ ಸಾಲವಾದರೆ, 9 ಇದ್ದದ್ದು 10 ಆದಾಗ ಇದೇ ಕಂತು 26,000 ದಾಟುತ್ತದೆ. ಅಂದು ಊರಿಗೆ ಕಳುಹಿಸುವ ಹಣದಲ್ಲಿಯೇ ಕತ್ತರಿ ಬೀಳಬಾರದು.

ಇನ್ನು ಕೈಯಲ್ಲಿರುವ ಗಂಟು. ಉಳಿತಾಯ, ಪ್ರಾವಿಡೆಂಟ್ ಫಂಡಿನಿಂದ ತೆಗೆಯಬಹುದಾದದ್ದು, ಚೀಟಿ ಹಣ ಎಲ್ಲ ಸೇರಿ 14 ಲಕ್ಷ ಎಂದಿಟ್ಟುಕೊಳ್ಳಿ. ಇದರಲ್ಲಿ ಆರು ತಿಂಗಳ ಕಂತಿನಷ್ಟು ಹಣವನ್ನು, ಅಂದರೆ ಸುಮಾರು ಒಂದೂವರೆ ಲಕ್ಷವನ್ನು, ಮುಟ್ಟಬಾರದು. ಕೆಲಸ ಹೋದರೆ, ಕಾಯಿಲೆ ಬಂದರೆ ಮನೆಯನ್ನು ಉಳಿಸುವುದು ಆ ಹಣವೇ. ಉಳಿಯಿತು ಹನ್ನೆರಡೂವರೆ ಲಕ್ಷ. ಸಾಲ ಮತ್ತು ಸ್ವಂತದ್ದು ಸೇರಿ 39 ಲಕ್ಷ 50 ಸಾವಿರ.

ಹಾಗಾದರೆ 39 ಲಕ್ಷದ ಮನೆ ನೋಡಬಹುದೇ? ಇಲ್ಲಿಯೇ ಬಹುಜನ ಎಡವುವುದು. ಬೆಲೆಯ ಮೇಲೆ ಖರ್ಚು ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದ ವರೆಗಿನ ಸಾಲವನ್ನು ಮನೆಯ ಮೌಲ್ಯದ ನೂರಕ್ಕೆ 90ರ ವರೆಗೆ, 75 ಲಕ್ಷದ ವರೆಗಿನ ಸಾಲವನ್ನು 80ರ ವರೆಗೆ, ಅದಕ್ಕೂ ಮೇಲ್ಪಟ್ಟದ್ದನ್ನು 75ರ ವರೆಗೆ ಮಾತ್ರ ಬ್ಯಾಂಕು ಕೊಡಬಹುದು. ಸ್ಟಾಂಪು ಡ್ಯೂಟಿ, ನೋಂದಣಿ ಮುಂತಾದ ಖರ್ಚನ್ನು ಆ ಮೌಲ್ಯದಲ್ಲಿ ಸಾಮಾನ್ಯವಾಗಿ ಸೇರಿಸುವುದಿಲ್ಲ. ಅದು ನಮ್ಮ ಜೇಬಿನಿಂದಲೇ ಹೋಗಬೇಕು. 35 ಲಕ್ಷದ ಮನೆಯೆಂದು ಹಿಡಿದು ಲೆಕ್ಕ ಹಾಕೋಣ. ಡೊಂಬಿವಲಿಯಲ್ಲಿ ಸ್ಟಾಂಪು ಡ್ಯೂಟಿ ನೂರಕ್ಕೆ 7. ಅದು 2,45,000 ಆಯಿತು. ನೋಂದಣಿ ಶುಲ್ಕ ನೂರಕ್ಕೆ 1, ಆದರೆ ಮಹಾರಾಷ್ಟ್ರದಲ್ಲಿ 30,000ಕ್ಕಿಂತ ಹೆಚ್ಚಿಲ್ಲ. ದಲ್ಲಾಳಿಗೆ ನೂರಕ್ಕೆ ಒಂದರಂತೆ 35,000. ಕೆಲವರು ಎರಡು ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿರಿ. ಸೊಸೈಟಿಯ ಹಸ್ತಾಂತರ ಪ್ರೀಮಿಯಂ 25,000. ಅದಕ್ಕಿಂತ ಹೆಚ್ಚು ಪಡೆಯಬಾರದೆಂದು ರಾಜ್ಯ ಸರಕಾರದ ನಿಯಮವಿದೆ. ವಕೀಲರಿಗೆ ಮತ್ತು ಬ್ಯಾಂಕಿನ ಶುಲ್ಕಕ್ಕೆ 35,000. ಸುಣ್ಣಬಣ್ಣ, ನಲ್ಲಿ, ವಿದ್ಯುತ್ತು ಇವುಗಳ ರಿಪೇರಿಗೆ 75,000. ಕೂಡಿಸಿದರೆ 4,45,000 ಆಗುತ್ತದೆ. ಅಂದರೆ ಬೆಲೆಯ ಸುಮಾರು ಎಂಟನೆಯ ಒಂದು ಪಾಲು! ಬೆಲೆ ಮತ್ತು ಖರ್ಚು ಸೇರಿ 39,45,000. ಆದುದರಿಂದ ಈ ಸಂಸಾರದ ಶಕ್ತಿ 35 ಲಕ್ಷದ ಮನೆಗೆ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತಿಗೆ ಇದೇ ಅಳತೆ.

ಇಲ್ಲಿ ಅಕ್ಕತಂಗಿಯರಿಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ 2021ರಿಂದ, ವಾಸದ ಮನೆಯನ್ನು ಹೆಂಗಸರ ಹೆಸರಿನಲ್ಲಿ ಮಾತ್ರ ಕೊಂಡರೆ ಸ್ಟಾಂಪು ಡ್ಯೂಟಿಯಲ್ಲಿ ನೂರಕ್ಕೆ ಒಂದು ರಿಯಾಯಿತಿ ಇದೆ. 35 ಲಕ್ಷಕ್ಕೆ ಅದು 35,000 ರೂಪಾಯಿ. ಯಜಮಾನರಿಗೆ ಮನೆಗೆ ಹೋದಮೇಲೆ ತಿಳಿಸಿರಿ.

ಎರಡನೆಯ ಲೆಕ್ಕ ಮನೆಯ ನಿಜವಾದ ಬೆಲೆಯದು. ಮೊದಲು ಅಳತೆ. ಮಾರುವವರು "650 ಚದರಡಿ" ಎನ್ನುತ್ತಾರೆ. ಯಾವ 650? ಗೋಡೆ, ಮೆಟ್ಟಿಲು, ಪಡಸಾಲೆ ಎಲ್ಲವನ್ನೂ ಸೇರಿಸಿ ಹೇಳುವ ಅಳತೆ ಒಂದು. ನಾವು ಚಾಪೆ ಹಾಸಿ ಮಲಗುವ ಅಳತೆ ಇನ್ನೊಂದು. 2016ರ ರೇರಾ ಕಾನೂನು ಈ ಎರಡನೆಯದಕ್ಕೆ, ಅಂದರೆ ಕಾರ್ಪೆಟ್ ಏರಿಯಾ ಎಂಬುದಕ್ಕೆ, ಸ್ಪಷ್ಟವಾದ ಅರ್ಥ ಕೊಟ್ಟಿದೆ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ಗಚ್ಚು ಸೇರುವುದಿಲ್ಲ. ಒಂದು ಟೇಪು ತೆಗೆದುಕೊಂಡು ಹೋಗಿ ನೀವೇ ಅಳೆಯಿರಿ; ನಾಚಿಕೆ ಬೇಡ. ನಮ್ಮ ಉದಾಹರಣೆಯ ಮನೆ ಅಳೆದಾಗ 420 ಚದರಡಿ ಬಂತು ಎನ್ನಿ. ಮಾರುವವರು ಕೇಳುವುದು 38 ಲಕ್ಷ. 650ಕ್ಕೆ ಭಾಗಿಸಿದರೆ ಅಡಿಗೆ 5,850ರ ಒಳಗೇ ಕಾಣುತ್ತದೆ, ಅಗ್ಗವೆನಿಸುತ್ತದೆ. 420ಕ್ಕೆ ಭಾಗಿಸಿದರೆ ಅಡಿಗೆ 9,000ದ ಮೇಲೆ ಹೋಗುತ್ತದೆ. ನಾಲ್ಕು ಮನೆಗಳನ್ನು ಹೋಲಿಸುವಾಗ ನಾಲ್ಕನ್ನೂ ಈ ಒಂದೇ ಅಳತೆಯಲ್ಲಿ ಹೋಲಿಸಬೇಕು.

ಆಮೇಲೆ ಅದೇ ಕಟ್ಟಡದಲ್ಲಿ, ಅದೇ ಓಣಿಯಲ್ಲಿ ನಿಜವಾಗಿ ಮಾರಾಟವಾದ ಬೆಲೆ. ಕೇಳಿದ ಬೆಲೆ ಬೇರೆ, ಕೈ ಬದಲಾದ ಬೆಲೆ ಬೇರೆ. ಮಹಾರಾಷ್ಟ್ರದಲ್ಲಿ ಪ್ರತಿಯೊಂದು ನೋಂದಾಯಿತ ಮಾರಾಟಕ್ಕೂ ಇಂಡೆಕ್ಸ್-2 ಎಂಬ ಸಾರಪತ್ರ ಇರುತ್ತದೆ. ಬೆಲೆ, ಅಳತೆ, ತಾರೀಖು ಅದರಲ್ಲಿ ದಾಖಲಾಗಿರುತ್ತವೆ. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಇದನ್ನು ಹುಡುಕುವ ಸೌಕರ್ಯವಿದೆ. ನಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗನೋ ಮಗಳೋ ಹುಡುಕಿಕೊಟ್ಟಾರು. ಕಳೆದ ಒಂದು ವರ್ಷದ ಮೂರು ಮಾರಾಟ ಸಿಕ್ಕಿದವು, ಅಡಿಗೆ 8,000, 8,100, 8,200 ಎಂದಿಟ್ಟುಕೊಳ್ಳಿ. ಸರಾಸರಿ 8,100. ಅದನ್ನು 420ರಿಂದ ಗುಣಿಸಿದರೆ 34 ಲಕ್ಷದ ಆಸುಪಾಸು ಬರುತ್ತದೆ.

ಈಗ ಈ ಮನೆಯ ಗುಣದೋಷಗಳನ್ನು ನೋಡಬೇಕು. ಲಿಫ್ಟು ಇಲ್ಲದ ನಾಲ್ಕನೆಯ ಮಹಡಿಯೋ? ಮಳೆಗಾಲದಲ್ಲಿ ಗೋಡೆ ಒಸರುತ್ತದೆಯೋ? ಆದಷ್ಟು ಜೂನ್ ಜುಲೈ ತಿಂಗಳಲ್ಲಿ ಒಮ್ಮೆ ನೋಡಿರಿ. ಮಾರ್ಚಿನಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ. ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮಾರುವವರನ್ನಲ್ಲ, ಪಕ್ಕದ ಮನೆಯ ತಾಯಿಯನ್ನು ಕೇಳಿರಿ. ಸೊಸೈಟಿಯ ಕಚೇರಿಗೆ ಹೋಗಿ ದೊಡ್ಡ ರಿಪೇರಿಗೆ ವಂತಿಗೆ ಎತ್ತುವ ನಿರ್ಣಯವಾಗಿದೆಯೇ ಎಂದು ವಿಚಾರಿಸಿರಿ. ನಮ್ಮ ಉದಾಹರಣೆಯಲ್ಲಿ ಮನೆಗೆ 80,000ದಂತೆ ವಂತಿಗೆ ಬರಲಿದೆ ಎಂದು ತಿಳಿಯಿತು. ಅದನ್ನು ಕಳೆದರೆ 33 ಲಕ್ಷ 20 ಸಾವಿರ ಉಳಿಯಿತು. ಶಕ್ತಿ 35 ಲಕ್ಷ, ಮನೆ ಬಾಳುವುದು 33 ಲಕ್ಷ 20 ಸಾವಿರ. ಎರಡರಲ್ಲಿ ಕಡಿಮೆಯಾದದ್ದೇ ಮೇಲಿನ ಗೆರೆ ಎಂದು ಆಗಲೇ ಹೇಳಿದೆ. ಶಕ್ತಿ ಇದೆಯೆಂದು ಬಾಳದ ಬೆಲೆ ಕೊಡಬೇಕಾಗಿಲ್ಲ.

ಕೆಳಗಡೆಗೂ ಒಂದು ಗೆರೆ ಇದೆ. ಅದನ್ನು ಸರಕಾರವೇ ಎಳೆದಿದೆ. ರೆಡಿ ರೆಕನರ್ ಎಂಬ ಸರಕಾರಿ ದರಪಟ್ಟಿಯಲ್ಲಿ ಪ್ರತಿಯೊಂದು ಪ್ರದೇಶದ ಮೌಲ್ಯವನ್ನು ಗೊತ್ತುಮಾಡಿರುತ್ತಾರೆ. ನೀವು ಕೊಟ್ಟ ಬೆಲೆ ಮತ್ತು ಆ ಮೌಲ್ಯ ಇವೆರಡರಲ್ಲಿ ಹೆಚ್ಚಾದದ್ದರ ಮೇಲೆ ಸ್ಟಾಂಪು ಡ್ಯೂಟಿ ಬೀಳುತ್ತದೆ. ಅಷ್ಟೇ ಅಲ್ಲ, ಸರಕಾರಿ ಮೌಲ್ಯವು ನೀವು ಕೊಟ್ಟ ಬೆಲೆಗಿಂತ ನೂರಕ್ಕೆ 10ನ್ನು ಮೀರಿ ಹೆಚ್ಚಾಗಿದ್ದರೆ, ಆ ಇಡೀ ವ್ಯತ್ಯಾಸವನ್ನು ಕೊಂಡವನ ಆದಾಯವೆಂದು ಹಿಡಿದು ಅದರ ಮೇಲೆ ಆದಾಯ ತೆರಿಗೆ ಹಾಕುತ್ತಾರೆ. ಸರಕಾರಿ ಮೌಲ್ಯ 36 ಲಕ್ಷವಿರುವ ಮನೆಯನ್ನು 32ಕ್ಕೆ ಕೊಂಡರೆ ವ್ಯತ್ಯಾಸ 4 ಲಕ್ಷ. 32ರ ಹತ್ತನೆಯ ಒಂದು ಪಾಲು 3 ಲಕ್ಷ 20 ಸಾವಿರ ಮಾತ್ರ. ಆಗ ಆ 4 ಲಕ್ಷವೂ ನಿಮ್ಮ ಆದಾಯದಲ್ಲಿ ಸೇರುತ್ತದೆ. ಆದುದರಿಂದ ಬೆಲೆ ಹೇಳುವ ಮುಂಚೆ ಈ ಪಟ್ಟಿಯನ್ನೂ ನೋಡಿರಿ. ನಮ್ಮ ಉದಾಹರಣೆಯ ಮನೆಗೆ ಸರಕಾರಿ ಮೌಲ್ಯ 32 ಲಕ್ಷ ಎಂದಿರಲಿ. ಆಗ 31 ಎಂದು ಮಾತು ತೆಗೆದರೆ ತೊಡಕಿಲ್ಲ.

ಎರಡು ಗೆರೆಗಳೂ ಸಿಕ್ಕಮೇಲೆ ಮಾತುಕತೆ. ಮೊದಲ ಸಂಖ್ಯೆ ತೀರ ಕೆಳಗಿದ್ದರೆ ಮಾರುವವರಿಗೆ ಅವಮಾನವಾಗಿ ಮಾತೇ ಮುರಿಯುತ್ತದೆ. ತೀರ ಮೇಲಿದ್ದರೆ ಮುಂದೆ ಸರಿಯಲು ಜಾಗವಿರುವುದಿಲ್ಲ. ಮೇಲಿನ ಗೆರೆಗಿಂತ ನೂರಕ್ಕೆ ಆರು ಏಳರಷ್ಟು ಕೆಳಗೆ ಆರಂಭಿಸುವುದು ನನಗೆ ಹಿತವಾಗಿ ಕಂಡ ಪದ್ಧತಿ. ಸಂಖ್ಯೆಯ ಜೊತೆಗೆ ಕಾರಣವನ್ನೂ ಹೇಳಬೇಕು. "ಕಡಿಮೆ ಮಾಡಿಕೊಳ್ಳಿ ಸಾಹೇಬರೇ" ಎಂದು ಅಂಗಲಾಚಿದರೆ ಯಾರೂ ಮಾಡುವುದಿಲ್ಲ. "ರಾಯರೇ, ತಮ್ಮ ಕಟ್ಟಡದಲ್ಲಿಯೇ ಕಳೆದ ವರ್ಷ ಅಡಿಗೆ 8,100ರಂತೆ ಮಾರಾಟವಾಗಿದೆ. ರಿಪೇರಿಯ ವಂತಿಗೆ ಬೇರೆ ಬರಲಿದೆ. ನಾನು 31 ಲಕ್ಷ ಹೇಳುತ್ತೇನೆ, ಬ್ಯಾಂಕಿನ ಸಾಲದ ಮಂಜೂರಿ ಪತ್ರ ನನ್ನ ಕೈಯಲ್ಲಿದೆ" ಎಂದರೆ ಅವರು ಕಾಗದ ನೋಡುತ್ತಾರೆ, ಆಲೋಚಿಸುತ್ತಾರೆ. ಅವರು 38ರಿಂದ 36ಕ್ಕೆ ಇಳಿದರೆ ನೀವು 32ಕ್ಕೆ ಏರಿ. ಮುಂದಿನ ಹೆಜ್ಜೆ ಇನ್ನೂ ಚಿಕ್ಕದಾಗಲಿ: 32 ಲಕ್ಷ 60 ಸಾವಿರ, ಆಮೇಲೆ 33. ಹೆಜ್ಜೆ ಚಿಕ್ಕದಾಗುತ್ತ ಬಂದಂತೆ ಗೋಡೆ ಹತ್ತಿರವಾಯಿತೆಂದು ಎದುರಿನವರಿಗೂ ತಿಳಿಯುತ್ತದೆ.

ಮಾರುವವರ ಅವಸರವನ್ನೂ ತಿಳಿದುಕೊಳ್ಳಬೇಕು. ಮನೆ ಎಷ್ಟು ತಿಂಗಳಿಂದ ಖಾಲಿ ಇದೆ? ಅವರು ಬೇರೆ ಮನೆಗೆ ಮುಂಗಡ ಕೊಟ್ಟಿದ್ದಾರೆಯೇ? ನಮ್ಮ ಅವಸರವನ್ನು ಮಾತ್ರ ಹೊರಗೆ ಬಿಡಬಾರದು. ದಲ್ಲಾಳಿಯು ಎಷ್ಟೇ ಒಳ್ಳೆಯವನಾದರೂ ಅವನ ಪಾಲು ಬೆಲೆಯ ಮೇಲೆ ಲೆಕ್ಕವಾಗುತ್ತದೆ. "ಹೆಚ್ಚೆಂದರೆ ಎಷ್ಟು ಕೊಡುತ್ತೀರಿ?" ಎಂದು ಅವನು ಕೇಳಿದರೆ ಮೊದಲ ಸಂಖ್ಯೆಯನ್ನೇ ಹೇಳಿರಿ, ಮೇಲಿನ ಗೆರೆಯನ್ನಲ್ಲ. ಇನ್ನು, ಮಾರುವವರು ನಮ್ಮ ಊರಿನವರೇ ಆದರೆ ಬೇರೊಂದು ತೊಂದರೆ. ಸಂಕೋಚದಿಂದ ಅಳೆಯುವುದಿಲ್ಲ, ಕಾಗದ ಕೇಳುವುದಿಲ್ಲ, ಚೌಕಾಶಿ ಮಾಡುವುದಿಲ್ಲ. "ಅಣ್ಣಾ, ನಮ್ಮ ಸ್ನೇಹ ಉಳಿಯಲಿ ಎಂದೇ ಕಾಗದ ಕೇಳುತ್ತಿದ್ದೇನೆ" ಎಂದು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಒಳ್ಳೆಯದು.

ಹೇಳುವ ಬೆಲೆಯಷ್ಟೇ ಮುಖ್ಯವಾದದ್ದು ಅದಕ್ಕೆ ಕಟ್ಟುವ ಷರತ್ತು. ನನಗೆ ಪರಿಚಯದ ಗೃಹಸ್ಥರೊಬ್ಬರು ಕ್ಯಾಂಟೀನಿನಲ್ಲಿ ಲೆಕ್ಕ ಬರೆಯುವವರು. ಚಾಳಿನ ಒಂದೇ ಖೋಲಿಯಲ್ಲಿ ಐದು ಜನರ ಸಂಸಾರ. 40 ಲಕ್ಷಕ್ಕೆ ಒಂದು ಮನೆಯನ್ನು ಒಪ್ಪಿ, ಬಾಯಿಮಾತಿನ ಮೇಲೆ 2 ಲಕ್ಷ ಟೋಕನ್ ಕೊಟ್ಟರು. ತಿಂಗಳೊಳಗೆ ಉಳಿದದ್ದನ್ನು ಹೊಂದಿಸಬೇಕೆಂದು ಮಾತಾಯಿತು. ಬ್ಯಾಂಕಿನ ಮೌಲ್ಯಮಾಪಕರು ಬಂದು ಮನೆಗೆ 35 ಲಕ್ಷವೆಂದು ಬರೆದರು. ನೂರಕ್ಕೆ 80ರಂತೆ 32 ಲಕ್ಷ ಸಾಲ ಸಿಕ್ಕೀತೆಂದು ಇವರು ನಂಬಿದ್ದರು, ಸಿಕ್ಕಿದ್ದು 28. ನಾಲ್ಕು ಲಕ್ಷದ ಕೊರತೆಯನ್ನು ತುಂಬಲು ಊರಿನ ಗದ್ದೆಯ ಪಾಲನ್ನು ಮಾರುವ ಮಾತು ಬಂತು. ತಮ್ಮಂದಿರು ಒಪ್ಪಲಿಲ್ಲ, ಒಪ್ಪದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತೇನೆ. ಅವಧಿ ಮುಗಿಯಿತು, ಮಾರುವವರು ಟೋಕನ್ ಹಣ ಹಿಂದಿರುಗಿಸಲಿಲ್ಲ. ಆ ಎರಡು ಲಕ್ಷ ಮಗಳ ಕಾಲೇಜಿಗೆಂದು ತೆಗೆದಿಟ್ಟದ್ದು. ಆ ಹುಡುಗಿ ಒಂದು ವರ್ಷ ಮನೆಯಲ್ಲಿ ಕುಳಿತಳು.

"ಬ್ಯಾಂಕಿನ ಸಾಲ ಇಷ್ಟು ಮಂಜೂರಾಗದಿದ್ದರೆ, ಕಾಗದಪತ್ರ ಶುದ್ಧವಿಲ್ಲದಿದ್ದರೆ, ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ ಬಾರದಿದ್ದರೆ ಟೋಕನ್ ಹಣವನ್ನು ಇಂತಿಷ್ಟು ದಿನಗಳಲ್ಲಿ ಮರಳಿ ಕೊಡತಕ್ಕದ್ದು" ಎಂಬ ಒಂದು ವಾಕ್ಯ ಬರೆಸಿ ಇಬ್ಬರೂ ಸಹಿ ಹಾಕಿದ್ದರೆ ಅವರ ಕೈಯಲ್ಲಿ ಒಂದು ಆಧಾರವಾದರೂ ಇರುತ್ತಿತ್ತು. ಟೋಕನ್ ಚಿಕ್ಕದಾಗಿರಲಿ, ಚೆಕ್ಕಿನಲ್ಲಿಯೋ ಬ್ಯಾಂಕಿನ ಮೂಲಕವೋ ಹೋಗಲಿ, ರಶೀದಿ ಇರಲಿ. 38 ಕೇಳಿದ ಮನೆಯನ್ನು 33ಕ್ಕೆ ಇಳಿಸಿ ಷರತ್ತಿಲ್ಲದೆ 2 ಲಕ್ಷ ಕೊಟ್ಟವನಿಗಿಂತ, 33 ಲಕ್ಷ 20 ಸಾವಿರಕ್ಕೆ ಒಪ್ಪಿ ಷರತ್ತು ಬರೆಸಿಕೊಂಡವನು ಜಾಣ.

ನಗದಿನ ವಿಷಯ. "ಐದು ಲಕ್ಷ ನಗದು ಕೊಡಿ, ಕಾಗದದಲ್ಲಿ ಕಡಿಮೆ ಬರೆಯೋಣ, ನಿಮಗೂ ಸ್ಟಾಂಪು ಉಳಿಯುತ್ತದೆ" ಎನ್ನುವವರು ಇಂದಿಗೂ ಸಿಕ್ಕುತ್ತಾರೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಅಥವಾ ಅದಕ್ಕೂ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಅದಿರಲಿ, ಕಾಗದದಲ್ಲಿ ಕಡಿಮೆ ಬರೆದರೆ ಬ್ಯಾಂಕಿನ ಸಾಲವೂ ಕಡಿಮೆ, ಮುಂದೆ ನೀವು ಮಾರುವಾಗ ಲಾಭ ಹೆಚ್ಚು ಕಂಡು ತೆರಿಗೆಯೂ ಹೆಚ್ಚು. ವ್ಯವಹಾರ ಮುರಿದರೆ ಆ ಐದು ಲಕ್ಷಕ್ಕೆ ಸಾಕ್ಷಿ ಯಾರು? ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂದಾಗುತ್ತದೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಮೇಲೆ ಇದ್ದರೆ, ಕೊಳ್ಳುವವನೇ ನೂರಕ್ಕೆ ಒಂದನ್ನು ಹಿಡಿದು ಮಾರುವವರ ಲೆಕ್ಕಕ್ಕೆ ಸರಕಾರಕ್ಕೆ ಕಟ್ಟಬೇಕೆಂಬುದನ್ನೂ ನೆನಪಿಡಿರಿ.

ಹೊಸ ಕಟ್ಟಡದಲ್ಲಿ ಬಿಲ್ಡರನಿಂದ ಕೊಳ್ಳುವವರಿಗೆ ಎರಡು ಮಾತು. ಮಹಾರೇರಾದಲ್ಲಿ ನೋಂದಣಿಯಾದ ಯೋಜನೆಯೇ ಎಂದು ಸಂಖ್ಯೆ ಕೇಳಿ ಪರೀಕ್ಷಿಸಿರಿ. ಕರಾರುಪತ್ರ ನೋಂದಣಿಯಾಗುವ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ಪಡೆಯುವಂತಿಲ್ಲ. ತೆರೆದ ಪಾರ್ಕಿಂಗ್ ಜಾಗವನ್ನು ಪ್ರತ್ಯೇಕವಾಗಿ ಮಾರುವ ಹಕ್ಕು ಅವನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ತೀರ್ಪು ಕೊಟ್ಟಿದೆ. ಬಿಲ್ಡರರು ಅಡಿಯ ದರವನ್ನು ಇಳಿಸಲು ಒಪ್ಪದಿದ್ದರೂ ಇತರ ಬಾಬುಗಳಲ್ಲಿ ಬಿಡುವುದುಂಟು. ಆದುದರಿಂದ ಎಲ್ಲವೂ ಸೇರಿ ಕೀಲಿಕೈ ಸಿಗುವವರೆಗಿನ ಒಟ್ಟು ಮೊತ್ತ ಎಷ್ಟು ಎಂದು ಒಂದೇ ಸಂಖ್ಯೆ ಬರೆಸಿಕೊಂಡು, ಆ ಸಂಖ್ಯೆಯ ಮೇಲೆ ಚೌಕಾಶಿ ಮಾಡಿರಿ.

ಇಷ್ಟೆಲ್ಲ ಮಾಡಿಯೂ ಮಾರುವವರು 34ರ ಕೆಳಗೆ ಬಾರದಿದ್ದರೆ? ಕೈಮುಗಿದು, ಫೋನ್ ನಂಬರು ಕೊಟ್ಟು ಹೊರಡಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಹೆಂಡತಿ ಅಡಿಗೆಮನೆಯ ಕಿಟಕಿಯನ್ನು ಮೆಚ್ಚಿರುತ್ತಾಳೆ, ಮಕ್ಕಳು ತಮ್ಮ ಮೂಲೆಯನ್ನು ಆರಿಸಿಕೊಂಡಿರುತ್ತಾರೆ. "ಇನ್ನು ಎಂಭತ್ತು ಸಾವಿರ ತಾನೇ" ಎಂದು ಮನಸ್ಸು ಹೇಳುತ್ತದೆ. 80,000 ಎಂದರೆ ನಮ್ಮ ಉದಾಹರಣೆಯ ಸಂಸಾರವು ಹತ್ತು ತಿಂಗಳು ಊರಿಗೆ ಕಳುಹಿಸುವ ಹಣ. ಆತುರಗಾರನಿಗೆ ಬುದ್ಧಿ ಮಟ್ಟ. ಅದೇ ಓಣಿಯಲ್ಲಿ ಇಂಥದೇ ಮನೆ 9,000 ಬಾಡಿಗೆಗೆ ಸಿಕ್ಕುವುದಾದರೆ, ಅದರ ನಾಲ್ಕು ತಿಂಗಳ ಬಾಡಿಗೆ 36,000 ಮಾತ್ರ. ಅಷ್ಟು ಕಾಲ ಕಾದು ಇನ್ನೊಂದು ಮನೆ ನೋಡುವುದರಲ್ಲಿ ನಷ್ಟವಿಲ್ಲ, ಅವಮಾನವೂ ಇಲ್ಲ. ಎಷ್ಟೋ ಸಲ, ಹೊರಟುಹೋದವರಿಗೇ ಹದಿನೈದು ದಿನದ ಮೇಲೆ ಮಾರುವವರಿಂದ ಫೋನು ಬರುತ್ತದೆ.

ಮನೆ ನೋಡಲು ಹೊರಡುವ ಮುಂಚಿನ ರಾತ್ರಿ ಗಂಡಹೆಂಡಿರಿಬ್ಬರೂ ಕುಳಿತು ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರೆಯಿರಿ: ನಮ್ಮ ಶಕ್ತಿ, ಮನೆ ಬಾಳುವ ಬೆಲೆ, ಮೊದಲು ಹೇಳುವ ಬೆಲೆ. ಚೀಟಿ ಮನೆಯೊಡತಿಯ ಹತ್ತಿರ ಇರಲಿ. ಮಾತಿನ ಭರದಲ್ಲಿ ಯಜಮಾನರು ಗೆರೆ ದಾಟುವಾಗ ಆಕೆ ಒಮ್ಮೆ ಕೆಮ್ಮಿದರೆ ಸಾಕು. ರೆಡಿ ರೆಕನರ್ ನೋಡುವುದು, ಇಂಡೆಕ್ಸ್-2 ಹುಡುಕುವುದು ತಿಳಿಯದ ಬಾಂಧವರು ಭಾನುವಾರ ಸಂಜೆ ವಾಚನಾಲಯಕ್ಕೆ ಬಂದರೆ, ನಾನೂ ಇಲ್ಲಿಯ ಇಬ್ಬರು ತರುಣ ಮಿತ್ರರೂ ಕುಳಿತು ತೋರಿಸಿಕೊಡುತ್ತೇವೆ; ಟೇಪು ಇಲ್ಲದವರಿಗೆ ಸಂಘದ ಟೇಪು ಇದೆ.